ಅಪ್‌ಡೇಟ್: ಕ್ಯಾಲ್ಸಿಯಂ ರಿಯಾಕ್ಟರ್‌ನ ಗುಳ್ಳೆ ಕೊನೆಗೂ ಹತೋಟಿಗೆ ಬಂತು

ಹವಳದ ಟ್ಯಾಂಕಿನ ಕ್ಯಾಲ್ಸಿಯಂ ರಿಯಾಕ್ಟರ್‌ನಲ್ಲಿ (ಸಿಲಿಂಡರ್‌ನಿಂದ ಬರುವ ಕಾರ್ಬನ್ ಡೈಆಕ್ಸೈಡ್ ಬಳಸಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಕರಗಿಸಿ ಕೊಡುವ ಸಾಧನ) ಗ್ಯಾಸ್ ಗುಳ್ಳೆ ದಿನೇ ದಿನೇ ಜಾಸ್ತಿ ಆಗ್ತಿದೆ, ಯಾವ ರೆಗ್ಯುಲೇಟರ್ (ಸಿಲಿಂಡರ್‌ನ ಒತ್ತಡ ತಗ್ಗಿಸುವ ಸಾಧನ) ಕೊಳ್ಳಲಿ ಅಂತ ಇಲ್ಲಿ ಹಿಂದೆ ಕೇಳಿದ್ದೆ.

ಮೊದಲು ನೀಡಲ್ ವಾಲ್ವ್ (ಗ್ಯಾಸ್ ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ತಿರುಪು) ಮಾತ್ರ ಬದಲಿಸಿದೆ. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಸೋಪಿನ ನೀರು ಹಚ್ಚಿ ನೋಡಿದೆ, ಸೋರಿಕೆ ಇರಲಿಲ್ಲ.

ಕೆಲಸ ಮಾಡಿದ್ದು ಒತ್ತಡವನ್ನು ಎರಡು ಸಲ ತಗ್ಗಿಸುವ ಎರಡು ಹಂತದ ರೆಗ್ಯುಲೇಟರ್. ಹೇಳಿದವರಿಗೆ ತುಂಬಾ ಥ್ಯಾಂಕ್ಸ್! ನನ್ನ ಹಳೆಯದು ಒಂದೇ ಹಂತದ್ದು. ಸಿಲಿಂಡರ್ ಖಾಲಿಯಾಗುತ್ತಾ ಬಂದಾಗ ಅಂಥ ರೆಗ್ಯುಲೇಟರ್‌ನಿಂದ ಹೊರಬರುವ ಒತ್ತಡ ಏರುತ್ತದೆ. ಆಗ ಗ್ಯಾಸ್ ಜಾಸ್ತಿ ಹೋಗಿ ನೀರಿನ ಪಿಹೆಚ್ ಕುಸಿಯುತ್ತದೆ (ಅಂದರೆ ನೀರು ಹೆಚ್ಚು ಆಮ್ಲೀಯವಾಗುತ್ತದೆ), ಹವಳಕ್ಕೆ ಅಪಾಯ ಅಲ್ವಾ. ಈಗ ಅದೇ ಸಿಲಿಂಡರ್‌ನಲ್ಲೇ ಆರು ದಿನದಿಂದ ರಿಯಾಕ್ಟರ್ ಒಳಗಿನ ಪಿಹೆಚ್ 6.6ರ ಆಸುಪಾಸಿನಲ್ಲಿ ನಿಂತಿದೆ.

ಹೊಸದಾಗಿ ತಿಳಿದದ್ದು: ಸಿಲಿಂಡರ್ ಒಳಗೆ ದ್ರವರೂಪದ ಕಾರ್ಬನ್ ಡೈಆಕ್ಸೈಡ್ ಇರುವವರೆಗೂ ಅದರ ಒತ್ತಡದ ಮೀಟರ್ ಸುಮಾರು 800 ಪಿಎಸ್‌ಐ ತೋರಿಸುತ್ತಲೇ ಇರುತ್ತದೆ. ಎಷ್ಟು ಉಳಿದಿದೆ ಅಂತ ಗೊತ್ತಾಗಬೇಕಾದರೆ ಸಿಲಿಂಡರನ್ನೇ ತೂಕ ಮಾಡಬೇಕು.