ಪದಚರ್ಚೆ: ಆಟಗಾರ ಮಲಗಿದ್ದಾಗಲೂ ಬೆಳೆಯುವ ಕೌಶಲಕ್ಕೆ ಯಾವ ಕ್ರಿಯಾಪದ?

ಹಾಸನದಿಂದ, ಬುಧವಾರ ಬೆಳಿಗ್ಗೆ

ಗೆಳೆಯರೇ, ನಾಳೆ ಸಂಜೆ 5 ಗಂಟೆಯೊಳಗೆ ಒಂದು ಪದ ಬೇಕಾಗಿದೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ತಮ್ಮ ಕಾಲೇಜು ಹಬ್ಬದಲ್ಲಿ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟವನ್ನು ಪರಿಚಯಿಸುವ ಮಳಿಗೆ ಇಡುತ್ತಿದ್ದಾರೆ. ಎಂಟು ಪುಟದ ಕೈಪಿಡಿ, ಒಂದು ದೊಡ್ಡ ಫ್ಲೆಕ್ಸ್. ಎಲ್ಲವೂ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವರು ಅವರೇ. ಅನುವಾದ ನನ್ನ ಪಾಲಿಗೆ ಬಂತು. ಕೈಪಿಡಿ ಬಹುತೇಕ ಮುಗಿದಿದೆ, ಫ್ಲೆಕ್ಸ್‌ನ ಮೊದಲ ಸಾಲಿನಲ್ಲಿ ಸಿಕ್ಕಿಬಿದ್ದಿದ್ದೇನೆ.

ಆಟ ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯದು, 2003ರಿಂದ ನಡೆಯುತ್ತಿದೆ. ಬೇರೆ ಆಟಗಳಲ್ಲಿ ಶತ್ರುವನ್ನು ಹೊಡೆದಷ್ಟೂ ಪಾತ್ರ ಬಲಗೊಳ್ಳುತ್ತದೆ. ಇಲ್ಲಿ ಬೇಕಾದ ಕೌಶಲದ ಪುಸ್ತಕ ಕೊಂಡು, ಸರದಿಯಲ್ಲಿ ಇಟ್ಟು, ಕಂಪ್ಯೂಟರ್ ಆರಿಸಿ ಮಲಗಿದರೂ ಆಯಿತು. ಗೋಡೆಯ ಗಡಿಯಾರ ಓಡಿದ ಹಾಗೆ ಅಂಕಗಳು ಕೂಡುತ್ತಾ ಹೋಗುತ್ತವೆ. ಪ್ರತಿ ಕೌಶಲಕ್ಕೂ ಐದು ಮಟ್ಟ. ಅತಿ ಸುಲಭದ ಕೌಶಲದಲ್ಲಿ ಮೊದಲ ಮಟ್ಟಕ್ಕೆ 250 ಅಂಕ, ಮೂರನೆಯದಕ್ಕೆ ಒಟ್ಟು 8,000, ಐದನೆಯದಕ್ಕೆ ಒಟ್ಟು 2,56,000. ನಿಮಿಷಕ್ಕೆ 30 ಅಂಕದ ವೇಗದಲ್ಲಿ ಮೊದಲ ಮಟ್ಟ ಎಂಟೊಂಬತ್ತು ನಿಮಿಷದ ಮಾತು. ನಾಲ್ಕರಿಂದ ಐದಕ್ಕೆ ಹೋಗಲು ಸುಮಾರು ಐದು ದಿನ. ಕಷ್ಟದ ಕೌಶಲವಾದರೆ ಇದನ್ನು ಎಂಟರಿಂದಲೋ ಹತ್ತರಿಂದಲೋ ಗುಣಿಸಿಕೊಳ್ಳಬೇಕು.

ಈಗ ನನ್ನ ತೊಡಕು. ‘ತರಬೇತಿ’ ಎಂದರೆ ಯಾರೋ ಕೊಡುತ್ತಾರೆ, ಇನ್ಯಾರೋ ಪಡೆಯುತ್ತಾರೆ. ‘ಅಭ್ಯಾಸ’ ಎಂದರೆ ಮಾಡಿದ್ದನ್ನೇ ಮಾಡಿ ಮಾಡಿ ಕೈ ಪಳಗಿಸುವುದು. ‘ಸಾಧನೆ’ಯಲ್ಲಿ ಬೆವರು ಇದೆ. ಇಲ್ಲಿ ಕೊಡುವವರಿಲ್ಲ, ಮಾಡುವವರಿಲ್ಲ, ಬೆವರಿಲ್ಲ. ಕೆಲಸ ಮಾಡುವುದು ಕಾಲ ಒಂದೇ. ಇದಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ?

ಇನ್ನೊಂದು ಸಣ್ಣ ಪ್ರಶ್ನೆ. ಈ ಆಟದಲ್ಲಿ 2010ರವರೆಗೆ ‘ಲರ್ನಿಂಗ್ ಸ್ಕಿಲ್ಸ್’ ಎಂಬ ಒಂದು ಗುಂಪೇ ಇತ್ತು. ಅವನ್ನು ಮೊದಲು ಕಲಿತರೆ ಬುದ್ಧಿ, ಸ್ಮರಣೆ ಮುಂತಾದ ಗುಣಗಳು ಏರಿ ಉಳಿದ ಕೌಶಲಗಳು ಬೇಗ ಬರುತ್ತಿದ್ದವು. ಹೊಸಬರು ಹಾರುವ ಹಡಗನ್ನು ಮುಟ್ಟುವ ಮೊದಲೇ ವಾರಗಟ್ಟಲೆ ಇದರಲ್ಲಿ ಕಳೆಯಬೇಕಾಗುತ್ತಿತ್ತು. ಕೊನೆಗೆ ಸಂಸ್ಥೆ ಅವನ್ನು ತೆಗೆದುಹಾಕಿ ಅಂಕಗಳನ್ನು ಹಿಂದಿರುಗಿಸಿತು. ಹಳೆಯ ಬರಹಗಳಲ್ಲಿ ಆ ಹೆಸರು ಇನ್ನೂ ಕಾಣುವುದರಿಂದ ಕೈಪಿಡಿಯಲ್ಲಿ ಒಂದು ಮಾತು ಬೇಕು. ‘ಕಲಿಕೆಯ ಕೌಶಲ’ ಎಂದರೆ ಕಲಿಯುವುದರಲ್ಲಿ ಕೌಶಲವೋ, ಕಲಿತ ಕೌಶಲವೋ ತಿಳಿಯುವುದಿಲ್ಲ. ಹುಡುಗರು ‘ಕಲಿಕಾ ಕೌಶಲ್ಯ’ ಎಂದು ಬರೆದಿದ್ದಾರೆ.

ಬೇಲೂರಿನಿಂದ, ಬುಧವಾರ ಮಧ್ಯಾಹ್ನ

‘ಕಲಿಕಾ ಕೌಶಲ್ಯ’ವನ್ನು ಈಗಲೇ ಅಳಿಸಿ. ಎರಡು ಪದದಲ್ಲಿ ಮೂರು ತಪ್ಪು.

ಕುಶಲನ ಭಾವ ಕೌಶಲ. ಭಾವನಾಮವಾಗಿಯೇ ಇರುವ ಪದಕ್ಕೆ ಮತ್ತೊಂದು ಯಕಾರ ಹೊದಿಸುವುದು ಏಕೆ? ಇನ್ನು ‘ಕಲಿಕಾ’. ‘ಕಲಿಕೆ’ ಅಚ್ಚಕನ್ನಡ ಕೃದಂತ, ಕಲಿ ಧಾತುವಿಗೆ ‘ಕೆ’ ಸೇರಿದ್ದು. ಅದು ‘ವೇದಿಕೆ’, ‘ಪತ್ರಿಕೆ’ಗಳ ಹಾಗೆ ಸಂಸ್ಕೃತದ ಆಕಾರಾಂತದಿಂದ ಬಂದದ್ದಲ್ಲ, ಆದ್ದರಿಂದ ಸಮಾಸದಲ್ಲಿ ‘ಕಲಿಕಾ’ ಆಗಲಾರದು. ಸಂಸ್ಕೃತದಲ್ಲಿ ‘ಕಲಿಕಾ’ ಎಂಬ ಪದ ಇದೆ, ಅರ್ಥ ಮೊಗ್ಗು. ನೀವು ಬರೆದಿರುವುದು ಮೊಗ್ಗಿನ ಕೌಶಲ. ಮೂರನೆಯದಾಗಿ, ಕನ್ನಡ ಸಂಸ್ಕೃತಗಳನ್ನು ಹೀಗೆ ಬೆಸೆದರೆ ಅರಿಸಮಾಸ. ಪೂರ್ವಕವಿ ಪ್ರಯೋಗವಿದ್ದಲ್ಲಿ ಮಾತ್ರ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಅದನ್ನು ಒಪ್ಪಿದ್ದಾನೆ. ಕಾಲೇಜು ಹುಡುಗರು ಪೂರ್ವಕವಿಗಳಲ್ಲ.

ಶಿಕ್ಷಣ ಇಲಾಖೆಯೇ ‘ಕಲಿಕಾ ಚೇತರಿಕೆ’ ಎಂದು ಕಾರ್ಯಕ್ರಮ ನಡೆಸಿತಲ್ಲ ಎಂದು ಯಾರೂ ಹೇಳಬೇಡಿ. ಇಲಾಖೆ ಬರೆದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ಕ್ರಿಯಾಪದಕ್ಕೆ ‘ತರಬೇತಿ’ಯೇ ಇರಲಿ. ಅದು ಅರಬ್ಬಿಯ ತರ್ಬಿಯತ್, ಅಂದರೆ ಸಾಕಿ ಬೆಳೆಸುವುದು. ಮೂಲದಲ್ಲೇ ಬೆಳವಣಿಗೆಯ ಅರ್ಥವಿದೆ. ನಿಮ್ಮ ಆಕ್ಷೇಪಣೆ ನಿಲ್ಲುವುದಿಲ್ಲ.

ಅರಸೀಕೆರೆಯಿಂದ, ಬುಧವಾರ ಸಂಜೆ

ಸಂಸ್ಕೃತದ ಕೌಶಲ, ಅರಬ್ಬಿಯ ತರಬೇತಿ. ಕನ್ನಡ ಎಲ್ಲಿದೆ?

‘ಬಲ್ಮೆ’ ಬಳಸಿ. ಬಲ್ ಎಂದರೆ ತಿಳಿ. ಬಲ್ಲೆ, ಬಲ್ಲ, ಬಲ್ಲವರು. ಅದಕ್ಕೆ ‘ಮೆ’ ಸೇರಿದರೆ ಬಲ್ಮೆ, ಜಾಣ್ಮೆ ತಾಳ್ಮೆಗಳ ಹಾಗೆ. ‘ಕಲಿಬಲ್ಮೆ’ ಎಂದರೆ ನಿಮ್ಮ ಎರಡನೆಯ ಪ್ರಶ್ನೆಯೂ ತೀರಿತು. ಪ್ರಗತಿಗೆ ‘ಮುನ್ನಡೆ’, ಮಟ್ಟಕ್ಕೆ ‘ಮೆಟ್ಟಿಲು’. ಇಷ್ಟು ಸುಲಭದ ವಿಷಯಕ್ಕೆ ಕೇಶಿರಾಜನನ್ನು ಎಬ್ಬಿಸಬೇಕಾಗಿರಲಿಲ್ಲ.

ಬೇಲೂರಿನಿಂದ, ಬುಧವಾರ ಸಂಜೆ

ಹಳಗನ್ನಡ ಓದಿದವರಿಗೆ ಬಲ್ಮೆಯಲ್ಲಿ ಮೊದಲು ಕೇಳಿಸುವುದು ಬಲ. ನಮ್ಮ ಬಲ್ಲಾಳರ ಹೆಸರಿನಲ್ಲಿರುವ ಬಲ್ ಅದು. ಎರಡು ಬೇರೆ ಧಾತುಗಳನ್ನು ಒಂದು ಮಾಡಿ ಹೊಸ ಪದ ಹೊಸೆದು ಹುಡುಗರ ಕೈಗೆ ಕೊಡಬೇಡಿ.

ಹಾಸನದಿಂದ, ಬುಧವಾರ ರಾತ್ರಿ

ಯಕಾರ ಬಿಟ್ಟೆ, ಕೌಶಲ ಎಂದೇ ಇಡುತ್ತೇನೆ. ಸಂಸ್ಕೃತ ನಿಘಂಟುಗಳಲ್ಲಿ ಎರಡೂ ರೂಪಗಳಿವೆ, ಸರ್ಕಾರದ ಕೌಶಲ್ಯಾಭಿವೃದ್ಧಿ ಇಲಾಖೆಯ ಹೆಸರಿನಲ್ಲೂ ಯಕಾರ ಇದೆ. ಆದರೆ ಚಿಕ್ಕ ಪದ ಫ್ಲೆಕ್ಸ್‌ಗೆ ಒಳ್ಳೆಯದು. ಕಲಿಕಾ ಕೂಡ ಹೋಯಿತು, ಅದಕ್ಕೆ ಋಣಿ. ಬಲ್ಮೆಯನ್ನು ಮಳಿಗೆಗೆ ಬಂದವರಿಗೆ ನಿಂತು ವಿವರಿಸಬೇಕಾಗುತ್ತದೆ. ನನಗೆ ಓಡುತ್ತಾ ಓದುವವರಿಗೂ ತಿಳಿಯುವ ಮಾತು ಬೇಕು.

‘ಮೆಟ್ಟಿಲು’ ಒಪ್ಪುವುದಿಲ್ಲ. ಮೆಟ್ಟಿಲುಗಳ ಎತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ, ಆ ನಂಬಿಕೆಯಿಂದಲೇ ನಾವು ಶ್ರವಣಬೆಳಗೊಳದ ಬೆಟ್ಟವನ್ನು ಹತ್ತುತ್ತೇವೆ. ಈ ಆಟದಲ್ಲಿ ಒಂದೊಂದು ಮಟ್ಟದ ಒಟ್ಟು ಅಂಕವೂ ಹಿಂದಿನದರ ಐದೂವರೆ ಪಟ್ಟಿಗಿಂತ ಹೆಚ್ಚು. ನಲಿಕಲಿ ತರಗತಿಯ ಗೋಡೆಯ ಮೇಲಿರುವ ಕಲಿಕೆಯ ಏಣಿಯೂ ನೆನಪಾಯಿತು, ಅದಕ್ಕೂ ಇದೇ ಅಡ್ಡಿ. ‘ಮಟ್ಟ’ ಸಾಕು.

ತರ್ಬಿಯತ್ತಿನ ಮೂಲಾರ್ಥ ಚೆನ್ನಾಗಿದೆ. ಆದರೆ ಇಂದು ಹಾಸನದ ಬಸ್ ನಿಲ್ದಾಣದಲ್ಲಿ ನಿಂತು ತರಬೇತಿ ಎಂದರೆ ಜನರ ಕಣ್ಣಿಗೆ ಬರುವುದು ಕುರ್ಚಿ, ಹಲಗೆ, ಹಾಜರಿ ಪುಸ್ತಕ. ಪದ ಎಲ್ಲಿ ಹುಟ್ಟಿತು ಎಂಬುದು ಓದುಗನ ಕಿವಿಯಲ್ಲಿ ಕೇಳಿಸುವುದಿಲ್ಲ. ನಾನು ಕೇಳಿದ್ದು ಕ್ರಿಯಾಪದ, ಅದನ್ನು ಇನ್ನೂ ಯಾರೂ ಮುಟ್ಟಿಲ್ಲ.

ಚಿಕ್ಕಮಗಳೂರಿನಿಂದ, ಬುಧವಾರ ರಾತ್ರಿ

ನಾನು ಈ ಆಟವನ್ನು ಆರು ವರ್ಷದಿಂದ ಆಡುತ್ತಿದ್ದೇನೆ, ವ್ಯಾಕರಣ ಬಲ್ಲವನಲ್ಲ. ನಾವು ಆಡುವವರು ‘ಟ್ರೇನಿಂಗ್ ಮಾಡಿದೆ’ ಎನ್ನುವುದಿಲ್ಲ, ‘ಟ್ರೇನಿಂಗ್‌ಗೆ ಹಾಕಿದೆ’ ಎನ್ನುತ್ತೇವೆ. ‘ದೊಡ್ಡ ಹಡಗಿನದು ಹಾಕಿದ್ದೇನೆ, ಇನ್ನು 20 ದಿನ ಇದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹಣ ಕಟ್ಟದೆ ಆಡುವವರಿಗೆ ವೇಗ ಅರ್ಧ, ಆದ್ದರಿಂದ ಅವರ ಮಾತಿನಲ್ಲಿ ಈ ‘ಹಾಕಿದ್ದೇನೆ’ ಇನ್ನೂ ಹೆಚ್ಚು.

ಕೈಪಿಡಿಯಲ್ಲಿ ಇಂಜೆಕ್ಟರ್ ವಿಷಯವನ್ನೂ ಸೇರಿಸಿ. 2016ರಲ್ಲಿ ಬಂತು. ಒಬ್ಬರ ಪಾತ್ರದಿಂದ 5,00,000 ಅಂಕ ಹೀರಿ ಇನ್ನೊಬ್ಬರಿಗೆ ಮಾರಬಹುದು. ಕೊಂಡವರ ಬಳಿ ಆಗಲೇ 8 ಕೋಟಿ ಅಂಕಕ್ಕಿಂತ ಹೆಚ್ಚಿದ್ದರೆ ಅವರಿಗೆ ದಕ್ಕುವುದು 1,50,000 ಮಾತ್ರ. ಕಾಯದೆ ಬೆಳೆಯುವ ದಾರಿ ಅದೊಂದೇ ಎಂದು ಹೊಸಬರು ತಪ್ಪು ತಿಳಿದು ಹಣ ಕಳೆದುಕೊಳ್ಳುತ್ತಾರೆ. ಕ್ಯೂಗೆ ಕ್ಯೂ ಎಂದೇ ಬರೆಯಿರಿ, ಸರದಿ ಎಂದರೆ ನನಗೇ ಒಂದು ಕ್ಷಣ ಹೊಳೆಯಲಿಲ್ಲ.

ಮೂಡಿಗೆರೆಯಿಂದ, ಗುರುವಾರ ಬೆಳಿಗ್ಗೆ

ಆಡುವ ಹುಡುಗ ಉತ್ತರ ಕೊಟ್ಟುಬಿಟ್ಟಿದ್ದಾನೆ, ವಿದ್ವಾಂಸರು ಗಮನಿಸಲಿಲ್ಲ. ‘ಹಾಕು’. ಅಕ್ಕಿ ನೆನೆಹಾಕುತ್ತೇವೆ, ಹಾಲಿಗೆ ಹೆಪ್ಪು ಹಾಕುತ್ತೇವೆ, ಬಾಳೆಗೊನೆಯನ್ನು ಅಡೆ ಹಾಕುತ್ತೇವೆ. ಮೂರರಲ್ಲೂ ನಮ್ಮ ಕೆಲಸ ಒಂದು ನಿಮಿಷದ್ದು. ಉಳಿದದ್ದನ್ನು ರಾತ್ರಿ ಮಾಡುತ್ತದೆ. ನೀವು ಹುಡುಕುತ್ತಿರುವ ಅರ್ಥಕ್ಕೆ ಕನ್ನಡದ ಅಡುಗೆಮನೆಯಲ್ಲಿ ವ್ಯಾಕರಣ ಸಿದ್ಧವಾಗಿದೆ.

ಹಾಕಿದ ಮೇಲೆ ಆಗುವುದು ಏನು? ‘ಮಾಗುವುದು’. ಕಾಫಿ ತೋಟದವನಾಗಿ ಒಂದು ಮಾತು: ನಮ್ಮಲ್ಲಿ ಕಾಫಿ ಹಣ್ಣಾಗುತ್ತದೆ ಎನ್ನುತ್ತೇವೆ, ಮಾಗುತ್ತದೆ ಎನ್ನುವುದು ಕಡಿಮೆ. ಮಾಗುವುದು ಹಲಸು, ಬಾಳೆ, ಮತ್ತು ಮನುಷ್ಯ. ಮಾಗಿದ ವಯಸ್ಸು, ಮಾಗಿದ ಕಂಠ, ಮಾಗಿದ ಕಲಾವಿದ. ಹಣ್ಣಿನಿಂದ ಮನುಷ್ಯನ ಕೌಶಲಕ್ಕೆ ಈ ಪದ ಎಂದೋ ದಾಟಿ ಬಂದಿದೆ. ‘ಮಾಗಿಸು’ ಎಂದು ಪ್ರೇರಣಾರ್ಥಕ ಮಾಡಬೇಡಿ, ಮಾಡಿದರೆ ಮತ್ತೆ ಯಾರೋ ಮಾಡುವವನು ಬಂದು ಕೂರುತ್ತಾನೆ. ಇಂಜೆಕ್ಟರ್‌ನಿಂದ ಬಂದದ್ದು ಪುಡಿ ಹಾಕಿ ಹಣ್ಣು ಮಾಡಿದ ಹಾಗೆ.

ಅರಸೀಕೆರೆಯಿಂದ, ಗುರುವಾರ ಬೆಳಿಗ್ಗೆ

ಮಾಗಿ ಎಂದರೆ ಚಳಿಗಾಲ. ಅದು ಮಾಘದಿಂದ ಬಂದದ್ದು, ಸಂಸ್ಕೃತ. ಮಾಗು ಕೂಡ ಅಲ್ಲಿಂದಲೇ ಇರಬೇಕು.

ಬೇಲೂರಿನಿಂದ, ಗುರುವಾರ ಬೆಳಿಗ್ಗೆ

ಮಾಗಿ ಬೇರೆ, ಮಾಗು ಬೇರೆ. ತೆಲುಗಿನಲ್ಲೂ ಹಣ್ಣು ‘ಮಾಗು’ತ್ತದೆ. ದ್ರಾವಿಡ ಧಾತುವನ್ನು ಸಂಸ್ಕೃತಕ್ಕೆ ಬರೆದುಕೊಟ್ಟು ಕನ್ನಡ ಉಳಿಸುವುದು ಹೇಗೆ?

ಆದರೆ ನನ್ನ ಆಕ್ಷೇಪಣೆ ಬೇರೆ ಇದೆ. ಮಾಗುವುದು ಕೊನೆಯ ಹಂತ. ಒಂಬತ್ತು ನಿಮಿಷದ ಮೊದಲ ಮಟ್ಟವನ್ನು ‘ಮಾಗಿತು’ ಎನ್ನಲಾಗದು. ಹೀಚು ಮಾಗುವುದಿಲ್ಲ.

ಅರಸೀಕೆರೆಯಿಂದ, ಗುರುವಾರ ಬೆಳಿಗ್ಗೆ

ಧಾತು ಯಾವುದೇ ಇರಲಿ, ಮೂಲ ಪ್ರಶ್ನೆ ಉಳಿಯಿತು. ಪ್ರತಿ ಸಲವೂ ಎರವಲು ತಂದು ಕನ್ನಡಕ್ಕೆ ತನ್ನದೇ ಪದ ಕಟ್ಟುವ ಶಕ್ತಿಯಿಲ್ಲ ಎಂದು ಮಕ್ಕಳಿಗೆ ಕಲಿಸುತ್ತಿದ್ದೇವೆ. ಕೌಶಲ, ಇಂಜೆಕ್ಟರ್, ಕ್ಯೂ. ಆ ಫ್ಲೆಕ್ಸ್‌ನಲ್ಲಿ ಕನ್ನಡದ್ದು ವಿಭಕ್ತಿ ಪ್ರತ್ಯಯ ಮಾತ್ರ.

ಬೇಲೂರಿನಿಂದ, ಗುರುವಾರ ಮಧ್ಯಾಹ್ನ

ನಮ್ಮ ತಾಲ್ಲೂಕಿನ ಹಲ್ಮಿಡಿಗೆ ಬಂದು ನೋಡಿ. ಸುಮಾರು 450ರ ಶಾಸನ, 16 ಸಾಲು, ತುಂಬ ಸಂಸ್ಕೃತ. ಅಲ್ಲಿಯೂ ಕನ್ನಡವನ್ನು ಕನ್ನಡ ಮಾಡಿರುವುದು ಪ್ರತ್ಯಯಗಳು ಮತ್ತು ಕ್ರಿಯಾಪದಗಳೇ. ಅದನ್ನು ಕೀಳೆಂದು ಯಾರು ಹೇಳಿದರು?

ಅರಸೀಕೆರೆಯಿಂದ, ಗುರುವಾರ ಮಧ್ಯಾಹ್ನ

ಅದೇ ಶಾಸನದಲ್ಲಿ ವೀರನಿಗೆ ಕೊಟ್ಟ ದತ್ತಿಯ ಹೆಸರು ‘ಬಾಳ್ಗಳ್ಚು’. ಕತ್ತಿ ತೊಳೆಯುವುದು. ಹೊಗಳಿಕೆ ಸಂಸ್ಕೃತದಲ್ಲಿ ಇರಲಿ, ರಕ್ತ ಹರಿಸಿದವನಿಗೆ ಕೊಟ್ಟದ್ದಕ್ಕೆ ಕನ್ನಡದ ಹೆಸರೇ ಬೇಕಾಯಿತು. ನಾನು ಹೇಳುವುದೂ ಇಷ್ಟೇ.

ಮೂಡಿಗೆರೆಯಿಂದ, ಗುರುವಾರ ಮಧ್ಯಾಹ್ನ

ಇಬ್ಬರೂ ಕುಡಿಯುವ ಕಾಫಿಯ ಹೆಸರು ಅರಬ್ಬಿಯಿಂದ ಯುರೋಪು ಸುತ್ತಿ ಬಂದದ್ದು. ಪಲ್ಪರ್ ಎಂಬ ಯಂತ್ರಕ್ಕೆ ಇಲ್ಲಿ ಯಾರೂ ಕನ್ನಡ ಪದ ಹುಡುಕಲಿಲ್ಲ, ತೋಟದ ಕೆಲಸವೂ ನಿಲ್ಲಲಿಲ್ಲ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಲ್ಲಿಂದ ಕಾಯುವ ‘ಉಪಗ್ರಹ’ ಸಂಸ್ಕೃತ ಎಂದು ಯಾವ ಮಗುವಿಗೂ ಅನ್ನಿಸುವುದಿಲ್ಲ. ಹೊರಗಿನ ವಸ್ತು ಹೊರಗಿನ ಹೆಸರಿನೊಂದಿಗೆ ಬರಲಿ. ಆದರೆ ಮಾಗುವುದು, ಬಲಿಯುವುದು, ಹಾಕುವುದು ನಮ್ಮ ಹಿತ್ತಿಲಲ್ಲೇ ಇರುವಾಗ ‘ತರಬೇತಿ ಪ್ರಗತಿಯಲ್ಲಿದೆ’ ಎಂದು ಬರೆಯುವುದನ್ನು ನಾನು ಸೋಮಾರಿತನ ಎನ್ನುತ್ತೇನೆ.

ಬೇಲೂರಿನವರ ಆಕ್ಷೇಪಣೆ ಸರಿಯಾಗಿದೆ. ಹಾಗಿದ್ದರೆ ನಡುವಿನ ಮಟ್ಟಗಳಿಗೆ ‘ಬಲಿ’ ಇದೆ. ಕಾಯಿ ಬಲಿಯುತ್ತದೆ, ಹಣ್ಣು ಮಾಗುತ್ತದೆ. ಮನಸ್ಸಿದ್ದರೆ ಐದು ಮಟ್ಟಗಳಿಗೂ ಹೆಸರಿಡಬಹುದು: ಮೊಗ್ಗು, ಹೀಚು, ಕಾಯಿ, ದೋರೆಗಾಯಿ, ಹಣ್ಣು. ಬೇಲೂರಿನವರ ಸಂಸ್ಕೃತ ಮೊಗ್ಗಿಗೂ ಒಂದು ಜಾಗ ಸಿಗುತ್ತದೆ.

ಹಾಸನದಿಂದ, ಗುರುವಾರ ಸಂಜೆ 4 ಗಂಟೆ

ಐದು ಹೆಸರುಗಳನ್ನು ಬಿಡಲು ಮನಸ್ಸು ಬರುತ್ತಿಲ್ಲ, ಆದರೂ ಬಿಟ್ಟಿದ್ದೇನೆ. ಆಟದ ಪರದೆಯ ಮೇಲೆ ಅಂಕಿ ಇರುತ್ತದೆ. ಅಲ್ಲಿ 3 ಎಂದು ಕಂಡವರು ನಮ್ಮ ಹಾಳೆಯಲ್ಲಿ ಕಾಯಿಯನ್ನು ಹುಡುಕಬೇಕಾಗಬಾರದು.

‘ಬಲಿ’ ಸರಿಯಾಗಿ ಕೂರುತ್ತದೆ. ಅಕರ್ಮಕ, ಕಾಲವೇ ಕರ್ತೃವಿನ ಹಾಗೆ ಕೆಲಸ ಮಾಡುತ್ತದೆ. ಒಂದೇ ಭಯ, ಬಲಿ ಕೊಡುವ ಬಲಿ. ‘ಬಲಿಯುತ್ತದೆ’, ‘ಬಲಿತಿದೆ’ ಎಂದು ಕ್ರಿಯಾರೂಪದಲ್ಲಿ ಮಾತ್ರ ಬಳಸಿದರೆ ಆ ಗೊಂದಲ ಬರುವುದಿಲ್ಲ, ಬರಿಯ ‘ಬಲಿ’ ಎಂದು ಎಲ್ಲಿಯೂ ಮುದ್ರಿಸುವುದಿಲ್ಲ. ಐದನೆಯ ಮಟ್ಟಕ್ಕೆ ಮಾತ್ರ ‘ಮಾಗಿದೆ’. ಕ್ಯೂ ಹಾಗೆಯೇ ಉಳಿಯಿತು, ಆಡುವವರ ಮಾತಿಗೆ ಬೆಲೆ ಕೊಟ್ಟೆ. ಇಂಜೆಕ್ಟರ್ ಕೂಡ. ಅದು ಮಾರುಕಟ್ಟೆಯಲ್ಲಿ ಕೊಳ್ಳುವ ಸರಕು, ಹೆಸರು ಬದಲಿಸಿದರೆ ಹುಡುಕಲು ಸಿಗುವುದಿಲ್ಲ. 2010ಕ್ಕೆ ಮುಗಿದುಹೋದ ಆ ಗುಂಪಿಗೆ ಹೊಸ ಪದ ಕಟ್ಟಲಿಲ್ಲ. ‘ಕಲಿಕೆಯ ವೇಗ ಹೆಚ್ಚಿಸುತ್ತಿದ್ದ ಕೌಶಲಗಳು’ ಎಂದು ಬಿಡಿಸಿ ಬರೆದಿದ್ದೇನೆ. ಈಗ ಇಲ್ಲದ ವಸ್ತುವಿಗೆ ಪದ ಟಂಕಿಸಿದರೆ ಅದನ್ನು ಬಳಸುವವರು ಯಾರು?

ಫ್ಲೆಕ್ಸ್ ಮುದ್ರಿಸುವ ಅಂಗಡಿಗೆ ಹೋದ ಸಾಲು ಇದು:

‘ಕೌಶಲವನ್ನು ಕಲಿಕೆಗೆ ಹಾಕಿ. ನೀವು ಮಲಗಿದ್ದಾಗಲೂ ಅದು ಬಲಿಯುತ್ತದೆ. ಐದನೆಯ ಮಟ್ಟಕ್ಕೆ ಮಾಗುತ್ತದೆ.’

ಅರಸೀಕೆರೆಯಿಂದ, ಗುರುವಾರ ಸಂಜೆ

ಬಲಿ, ಬಲ್, ಬಲ್ಮೆ. ಒಂದೇ ಬಳ್ಳಿ. ನಿನ್ನೆಯೇ ಹೇಳಿದ್ದೆ.

ಬೇಲೂರಿನಿಂದ, ಗುರುವಾರ ರಾತ್ರಿ

ನಿನ್ನೆ ನೀವು ಹೇಳಿದ್ದು ತಿಳಿಯುವ ಬಲ್. ಇದು ಗಟ್ಟಿಯಾಗುವ ಬಲ್. ಹಾಸನದವರಿಗೆ: ಕರಡು ತಿದ್ದುವಾಗ ‘ಕೌಶಲ’ದ ಮೇಲೆ ಕಣ್ಣಿಡಿ, ಅಂಗಡಿಯವರು ತಾವಾಗಿಯೇ ಯಕಾರ ಸೇರಿಸುತ್ತಾರೆ.