ಬಡ ಮಕ್ಕಳ ಕಾಲೇಜಿಗೆ ನಮ್ಮ ತೆರಿಗೆ: ಫೀಸು ಕಟ್ಟಿದರೆ ಮುಗೀತಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ನಮ್ಮ ಊರಿನವರ ಗುಂಪಿನಲ್ಲಿ ನಡೀತಿರುವ ಚರ್ಚೆಯನ್ನು ಪೂರ್ತಿ ಓದಿದೆ. ಬಡವರ ಮಕ್ಕಳ ಕಾಲೇಜು ಫೀಸನ್ನು ಸರ್ಕಾರವೇ ಕಟ್ಟಬೇಕಾ, ಅದಕ್ಕೆ ನಮ್ಮ ತೆರಿಗೆ ಹಣ ಯಾಕೆ ಹೋಗಬೇಕು ಅಂತ ತಾನೇ ಪ್ರಶ್ನೆ? ನಾನು ಈಗ ರಜೆ ಹಾಕಿ ಊರಿಗೆ ಬಂದಿದ್ದೇನೆ. ಕೊಡಗಿನ ಸಿದ್ದಾಪುರದ ಹತ್ತಿರ ಅಪ್ಪನ ಮನೆ. ರೋಬಸ್ಟಾ ಕೊಯ್ಲಿನ ಸಮಯ, ಕಣದ ತುಂಬಾ ಕಾಫಿ. ಇಲ್ಲಿ ಕಣ್ಣಾರೆ ನೋಡಿದ್ದನ್ನೂ ಸೇರಿಸಿ ಹೇಳುತ್ತೇನೆ. ಸರ್ಕಾರ ಕಟ್ಟಲೇಬೇಕು. ಆದರೆ ಬರೀ ಫೀಸು ಕಟ್ಟಿ ಕೈ ತೊಳೆದುಕೊಂಡರೆ ತೀರಾ ಬಡವರಿಗೆ ಅದರಿಂದ ಸಿಗುವುದು ಬಹಳ ಕಡಿಮೆ.

ಮೊದಲು ಅಣ್ಣ ಒಬ್ಬರು ಬರೆದ ಮಾತಿಗೆ ಬರುತ್ತೇನೆ. "ನಾವು ಸಾಲ ಮಾಡಿ, ಕಷ್ಟಪಟ್ಟು ಓದಿ ಇಲ್ಲಿಗೆ ಬಂದವರು, ಬೇರೆಯವರ ಮಕ್ಕಳ ಖರ್ಚು ನಮ್ಮ ತಲೆಗೆ ಯಾಕೆ?" ಅಂದರು. ಅವರ ಕಷ್ಟದ ಬಗ್ಗೆ ಎರಡು ಮಾತಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನ ಓದಿದ್ದು ಎಲ್ಲಿ ಹೇಳಿ? ಮಡಿಕೇರಿಯ ಸರ್ಕಾರಿ ಕಾಲೇಜು, ಅಂದರೆ ಈಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು. ಇಲ್ಲದಿದ್ದರೆ ಯಾವುದೋ ಅನುದಾನಿತ ಕಾಲೇಜು, ಆಮೇಲೆ ಸಿಇಟಿಯ ಸರ್ಕಾರಿ ಸೀಟು. ಮೇಷ್ಟ್ರ ಸಂಬಳ ಹೋಗುತ್ತಿದ್ದದ್ದು ಸರ್ಕಾರದ ಖಜಾನೆಯಿಂದ. ನಾವು ಕಟ್ಟಿದ ಫೀಸಿನಲ್ಲಿ ಆ ಕಾಲೇಜುಗಳು ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಉಳಿದದ್ದನ್ನು ಕೊಟ್ಟವರು ತೆರಿಗೆ ಕಟ್ಟಿದವರು.

ತೆರಿಗೆ ಕಟ್ಟುವವರು ಅಂದರೆ ಐಟಿ ರಿಟರ್ನ್ಸ್ ಹಾಕುವವರು ಮಾತ್ರ ಅಂತ ಅಂದುಕೊಂಡಿದ್ದೇವೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಹೆಂಗಸು ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅದರಲ್ಲಿ ಶೇಕಡ 18 ಜಿಎಸ್‌ಟಿ ಇರುತ್ತದೆ. ನಮಗೂ ಅದೇ ದರ, ಅವಳಿಗೂ ಅದೇ ದರ. ಅಮೆರಿಕದಲ್ಲೂ ಸೇಲ್ಸ್ ಟ್ಯಾಕ್ಸ್ ಕಟ್ಟುವಾಗ ನಿನ್ನ ಸಂಬಳ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಅವಳ ಅಪ್ಪ ಅಮ್ಮ ಕೊಟ್ಟ ಮಾರಾಟ ತೆರಿಗೆಯಲ್ಲಿ ನಾವು ಓದಿದೆವು. ಅವಳ ಮಗಳ ಸರದಿ ಬಂದಾಗ "ನನ್ನ ತೆರಿಗೆ, ನನ್ನ ಹಣ" ಅಂದರೆ ನ್ಯಾಯ ಅಲ್ಲ, ಅಲ್ವಾ?

ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿ ಅಂಥ ಒಬ್ಬಳು ಹುಡುಗಿ ಇದ್ದಾಳೆ. ಯರವ ಆದಿವಾಸಿ ಸಮುದಾಯದ ಮಗು. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್, ಈಗ ವಿರಾಜಪೇಟೆಯಲ್ಲಿ ಬಿ.ಕಾಂ. ಅವಳನ್ನು, ಅವಳ ತಾಯಿಯನ್ನು ಕೂರಿಸಿಕೊಂಡು ಖರ್ಚಿನ ಲೆಕ್ಕ ಕೇಳಿದೆ. ಫೀಸಿನ ಮಾತೇ ಬರಲಿಲ್ಲ. ಬಂದದ್ದು ಬಸ್ಸಿನ ಮಾತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ, ನಿಜ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ಅವಳ ಹೊತ್ತಿಗೆ ಅಮ್ಮತ್ತಿ ರಸ್ತೆಯಲ್ಲಿ ಸಿಗುವುದು ಪ್ರೈವೇಟ್ ಬಸ್. ದಿನಾ ಕೈಯಿಂದ ದುಡ್ಡು ಕೊಡಬೇಕು. ಬಸ್ ನಿಲ್ಲುವ ಕಡೆಗೆ ತೋಟದೊಳಗೆ ನಡೆದೇ ಹೋಗಬೇಕು. ಆನೆ ಇದೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಬಂದರೆ ಆ ಬೆಳಿಗ್ಗೆ ಕಾಲೇಜು ಹೋಯಿತು ಅಂತಲೇ ಲೆಕ್ಕ. ಇನ್ನು ಕೊಯ್ಲಿನ ತಿಂಗಳಲ್ಲಿ ಕಾಫಿ ಕುಯ್ದರೆ ಕಿಲೋ ಲೆಕ್ಕದಲ್ಲಿ ಕಾಸು. ಮನೆಯಲ್ಲಿ ಒಂದು ಕೈ ಜಾಸ್ತಿ ಇದ್ದರೆ ಅಷ್ಟು ಹಣ ಜಾಸ್ತಿ. ಅವಳು ಭಾನುವಾರ ಹೋಗುತ್ತಾಳೆ, ಕೆಲವು ಸಲ ಸೋಮವಾರವೂ ಹೋಗುತ್ತಾಳೆ. ಹಾಜರಾತಿ ಶೇಕಡ 75 ಇರಬೇಕು ಅನ್ನುವ ಭಯ ಬೇರೆ.

ಸ್ಕಾಲರ್‌ಶಿಪ್ ಇಲ್ಲವಾ ಅಂದರೆ ಇದೆ. ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್‌ಗಿರುವ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದಾಳೆ. ಮಂಜೂರೂ ಆಗಿದೆ. ಆದರೆ ಅವಳ ಆಧಾರ್ ಯಾವುದೋ ಹಳೇ ಬ್ಯಾಂಕ್ ಖಾತೆಗೆ ಸೀಡ್, ಅಂದರೆ ಜೋಡಣೆ ಆಗಿತ್ತು. ಅದನ್ನು ಸರಿ ಮಾಡಿಸಲು ತಾಯಿ ಕೂಲಿ ಬಿಟ್ಟು ಪೇಟೆಗೆ ಓಡಾಡಿದಳು. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರೇ ಜೊತೆಗೆ ಹೋಗಿ ಕೂತು ಮಾಡಿಸಿದರು. ಹಣ ಬಂದಾಗ ಮೊದಲ ವರ್ಷದ ಪರೀಕ್ಷೆಯೇ ಮುಗಿದಿತ್ತು. ಅಲ್ಲಿಯವರೆಗೆ ಬಸ್ಸಿಗೆ, ಪುಸ್ತಕಕ್ಕೆ ಮಾಲೀಕರ ಹತ್ತಿರ ಮುಂಗಡ. ಆ ಮುಂಗಡ ಈಗ ವಾರದ ಕೂಲಿಯಲ್ಲಿ ಕಡಿತ ಆಗುತ್ತಿದೆ. ಸರ್ಕಾರದ ಹಣ ತಡವಾಗಿ ಬಂದರೆ ಬಡವರಿಗೆ ಅದು ಸಾಲವಾಗಿಯೇ ಬರುತ್ತದೆ. ಇದನ್ನು ನೋಡಿ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಅಮೆರಿಕದ ಕಥೆಯೂ ಬೇರೆಯಲ್ಲ. ಟೆನೆಸಿ ರಾಜ್ಯ 2015ರಲ್ಲಿ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು ಫ್ರೀ ಮಾಡಿತು. ನ್ಯೂಯಾರ್ಕ್ 2017ರಲ್ಲಿ ಸರ್ಕಾರಿ ಕಾಲೇಜುಗಳ ಫೀಸಿಗೆ ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್ ತಂದಿತು. ಎರಡರಲ್ಲೂ ಬಡ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಮೊದಲು ಕಳೆಯುತ್ತಾರೆ, ಫೀಸಿನಲ್ಲಿ ಉಳಿದ ಬಾಕಿಯನ್ನು ಮಾತ್ರ ರಾಜ್ಯ ಕೊಡುತ್ತದೆ. ಈಗ ಪೆಲ್ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಕಮ್ಯುನಿಟಿ ಕಾಲೇಜಿನ ಫೀಸು ಸರಾಸರಿ 4,000 ಡಾಲರ್ ಆಸುಪಾಸು. ಅಂದರೆ ತೀರಾ ಬಡ ಹುಡುಗನ ಫೀಸು ಪೆಲ್‌ನಲ್ಲೇ ತೀರಿಹೋಗುತ್ತದೆ, ಈ ಯೋಜನೆಗಳಿಂದ ಅವನಿಗೆ ಸಿಗುವುದು ಹೆಚ್ಚುಕಡಿಮೆ ಸೊನ್ನೆ. ಹೊಸ ಹಣ ಹೋಗುವುದು ಅವನಿಗಿಂತ ಸ್ವಲ್ಪ ಮೇಲಿರುವ ಮನೆಗಳಿಗೆ. ಮನೆ ಬಾಡಿಗೆ, ಊಟ, ಪೆಟ್ರೋಲು ಹೆಚ್ಚಾಗಿ ಅವನ ತಲೆ ಮೇಲೇ. ಟೆನೆಸಿಯವರು ಪ್ರತಿ ಮಗುವಿಗೂ ಒಬ್ಬ ಮಾರ್ಗದರ್ಶಿಯನ್ನು ಕೊಟ್ಟದ್ದು ಮಾತ್ರ ನನಗೆ ತುಂಬಾ ಇಷ್ಟವಾಯಿತು. ಇಲ್ಲಿ ನಮ್ಮ ರೈಟರ್ ಮಾಡಿದ್ದು ಅದೇ ಕೆಲಸ.

ನ್ಯೂ ಮೆಕ್ಸಿಕೊ ದಾರಿ ಬೇರೆ. 2022ರಿಂದ ಅಲ್ಲಿ ರಾಜ್ಯವೇ ಮೊದಲು ಫೀಸು ಕಟ್ಟುತ್ತದೆ. ಪೆಲ್ ಹಣ ಹುಡುಗನ ಕೈಯಲ್ಲೇ ಉಳಿದು ಬಾಡಿಗೆಗೆ, ಪುಸ್ತಕಕ್ಕೆ ಆಗುತ್ತದೆ. ಜರ್ಮನಿಯಲ್ಲಿ ಫೀಸೇ ಇಲ್ಲದಿದ್ದರೂ ಬಡ ಮನೆಯ ಮಕ್ಕಳಿಗೆ ಜೀವನದ ಖರ್ಚಿಗೆ ಬಾಫೋಗ್ ಅಂತ ಬೇರೆಯಾಗಿ ಕೊಡುತ್ತಾರೆ, ಅರ್ಧ ಸಹಾಯಧನ, ಅರ್ಧ ಬಡ್ಡಿ ಇಲ್ಲದ ಸಾಲ. ಫೀಸು ಒಂದು ಖರ್ಚು, ಬದುಕುವುದು ಇನ್ನೊಂದು ಖರ್ಚು ಅನ್ನುವುದು ಇವರಿಗೆ ಗೊತ್ತಾಗಿದೆ. ನಮ್ಮ ತೆರಿಗೆ ಹೋಗುವುದಾದರೆ ಹೀಗೆ ಹೋಗಲಿ ಅನ್ನುವುದು ನನ್ನ ಆಸೆ.

ಆದಾಯದ ಮಿತಿ ಬಗ್ಗೆ ಕೇಳಿದ್ದಿರಿ. ಇಲ್ಲಿ ಎಸ್‌ಸಿ, ಎಸ್‌ಟಿ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ದಾಟಬಾರದು. ಸ್ವಲ್ಪ ಲೆಕ್ಕ ಹಾಕಿ. ಗಂಡ ಹೆಂಡತಿ ಇಬ್ಬರಿಗೂ ದಿನಕ್ಕೆ 450 ರೂಪಾಯಿ ಕೂಲಿ ಸಿಕ್ಕಿ, ವರ್ಷದಲ್ಲಿ 280 ದಿನ ಕೆಲಸ ಇದ್ದರೆ 2.52 ಲಕ್ಷ ಆಗುತ್ತದೆ. ಲೈನ್ ಮನೆಯಲ್ಲಿದ್ದುಕೊಂಡೇ ಆ ಕುಟುಂಬ ಲೆಕ್ಕದಲ್ಲಿ ಅನುಕೂಲಸ್ಥರ ಸಾಲಿಗೆ ಸೇರಿಬಿಡುತ್ತದೆ! ಎಂಜಿನಿಯರಿಂಗ್‌ನ ಟ್ಯೂಷನ್ ಫೀ ಮಾಫಿ ಸೀಟಿಗೆ ಮಿತಿ 8 ಲಕ್ಷ. ಒಂದೇ ಊರು, ಎರಡು ಅಳತೆ. ಪೆಲ್‌ನಲ್ಲಿ ಈ ವಿಷಯ ಚೆನ್ನಾಗಿದೆ. ಆದಾಯ ಏರಿದ ಹಾಗೆ ಗ್ರಾಂಟ್ ಮೆಲ್ಲಗೆ ಇಳಿಯುತ್ತದೆ, ಒಂದು ಗೆರೆ ದಾಟಿದ ಕೂಡಲೇ ಪೂರ್ತಿ ನಿಲ್ಲುವುದಿಲ್ಲ.

ಎಚ್‌-4 (ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳ ವಿಷಯ ತೆಗೆದ ಅಕ್ಕನಿಗೆ ಒಂದು ಮಾತು. ನಿಮ್ಮ ಸಂಕಟ ನೂರಕ್ಕೆ ನೂರು ನಿಜ. ನಾವು ವರ್ಷಗಟ್ಟಲೆ ತೆರಿಗೆ ಕಟ್ಟಿದರೂ ಗ್ರೀನ್ ಕಾರ್ಡ್ ಬರುವ ತನಕ ನಮ್ಮ ಮಕ್ಕಳಿಗೆ ಪೆಲ್ ಇಲ್ಲ. 21 ತುಂಬಿದರೆ ಎಚ್‌-4ಊ ಇಲ್ಲ. ಆ ರಾಜ್ಯದವರಿಗೆ ಇರುವ ಕಡಿಮೆ ಫೀಸು, ಅಂದರೆ ಇನ್-ಸ್ಟೇಟ್ ಫೀಸು ಸಿಗುತ್ತದಾ ಇಲ್ಲವಾ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಇದಕ್ಕಾಗಿ ನಾವು ಜೋರಾಗಿ ದನಿ ಎತ್ತಬೇಕು. ಆದರೆ ನಮ್ಮ ಮಕ್ಕಳಿಗೆ ಅಡ್ಡ ಬಂದಿರುವುದು ವೀಸಾ ಕಾನೂನು. ಪೆಲ್ ಪಡೆಯುವ ಬಡ ಹುಡುಗ ನಮ್ಮ ಮಕ್ಕಳಿಂದ ಏನನ್ನೂ ಕಿತ್ತುಕೊಂಡಿಲ್ಲ.

ಫ್ರೀ ಕೊಟ್ಟರೆ ಬೆಲೆ ಇರುವುದಿಲ್ಲ, ಬಾಂಡ್ ಬರೆಸಿಕೊಳ್ಳಿ ಅಂತ ಕೆಲವರು ಹೇಳಿದಿರಿ. ನ್ಯೂಯಾರ್ಕ್ ಅದನ್ನೂ ಮಾಡಿತು. ಸ್ಕಾಲರ್‌ಶಿಪ್ ತೆಗೆದುಕೊಂಡಷ್ಟು ವರ್ಷ ಓದು ಮುಗಿದ ಮೇಲೆ ರಾಜ್ಯದಲ್ಲೇ ಇರಬೇಕು, ಇಲ್ಲದಿದ್ದರೆ ಅದು ಸಾಲ ಆಗುತ್ತದೆ. ಜೊತೆಗೆ ವರ್ಷಕ್ಕೆ 30 ಕ್ರೆಡಿಟ್, ಅಂದರೆ ಪೂರ್ಣಾವಧಿ ಓದಿನ ಒಂದು ವರ್ಷದ ಪಾಠ ಮುಗಿಸಲೇಬೇಕು. ಕೆಲಸ ಮಾಡಿಕೊಂಡು ಓದುವ ಹುಡುಗನಿಗೆ ಮೊದಲು ಕಷ್ಟವಾಗುವುದೇ ಈ 30 ಕ್ರೆಡಿಟ್. ನಮ್ಮೂರಿನ ಈ ಹುಡುಗಿಗೂ ಅಂಥ ಷರತ್ತು ಹಾಕಿದ್ದರೆ ಕೊಯ್ಲಿನ ತಿಂಗಳಲ್ಲೇ ಸೋತು ಮನೆಯಲ್ಲಿ ಕೂರುತ್ತಿದ್ದಳು. ಎರಡನೇ ಮಹಾಯುದ್ಧದ ಸೈನಿಕರಿಗೆ 1944ರ ಜಿಐ ಬಿಲ್‌ನಲ್ಲಿ ಅಮೆರಿಕ ಫೀಸಿನ ಜೊತೆಗೆ ತಿಂಗಳ ಖರ್ಚಿಗೂ ಹಣ ಕೊಟ್ಟಿತು. ಲಕ್ಷಾಂತರ ಜನ ಓದಿದರು. ಅವರು ಸೇವೆ ಮಾಡಿ ಗಳಿಸಿದ್ದು ಅನ್ನಬಹುದು, ಒಪ್ಪುತ್ತೇನೆ. ಆದರೆ ಕೈಗೆ ಹಣ ಸಿಕ್ಕಿತು ಅಂತ ಅವರೇನೂ ಓದು ಬಿಡಲಿಲ್ಲ.

ಇನ್ನು ನಮ್ಮ ಗುಂಪಿನ ಕೆಲಸ. ಪ್ರತಿ ವರ್ಷ ಊರಿನ ಮಕ್ಕಳಿಗೆ ರ‍್ಯಾಂಕ್ ನೋಡಿ ಬಹುಮಾನ ಕಳಿಸುತ್ತೇವೆ. ಆ ಹಣ ಹೆಚ್ಚಾಗಿ ಹೇಗೂ ಓದುವ ಮಕ್ಕಳಿಗೇ ಹೋಗುತ್ತದೆ. ಈ ಸಲ ಅದರಲ್ಲಿ ಅರ್ಧವನ್ನಾದರೂ ಬೇರೆ ಇಡೋಣ. ಲೈನ್ ಮನೆ, ಆದಿವಾಸಿ ಹಾಡಿಗಳಿಂದ ಮೊದಲ ಸಲ ಕಾಲೇಜಿಗೆ ಹೋಗುವ ಮಕ್ಕಳಿಗೆ ಸ್ಕಾಲರ್‌ಶಿಪ್ ಬರುವ ತನಕದ ಬಸ್ ಖರ್ಚು ಕೊಡೋಣ. ಇದು ಸರ್ಕಾರದ ಕೆಲಸಕ್ಕೆ ಬದಲಿ ಅಂತ ನಾನು ಹೇಳುತ್ತಿಲ್ಲ. ನಾಲ್ಕು ಜನರ ಚಂದಾ ಒಂದು ಜಿಲ್ಲೆಯ ಮಕ್ಕಳನ್ನು ಓದಿಸಲು ಸಾಲದು, ಅದು ತೆರಿಗೆಯಿಂದಲೇ ಆಗಬೇಕಾದದ್ದು. ಆದರೆ ಅಡ್ಮಿಷನ್ ಜೂನ್ ಹೊತ್ತಿಗೆ ಶುರುವಾಗುತ್ತದೆ, ಅಷ್ಟರೊಳಗೆ ಇಷ್ಟನ್ನು ನಾವು ಮಾಡಬಹುದು. ಪೋರ್ಟಲ್ ಅರ್ಜಿ, ಆಧಾರ್ ಸೀಡಿಂಗ್ ಎಲ್ಲ ಮಾಡಿಸಿ ಕೊಡಲು ರೈಟರ್ ಒಪ್ಪಿದ್ದಾರೆ. ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆ ಹೀಗೆ ಕೂತು ಸಹಾಯ ಮಾಡುವವರು ನಿಮ್ಮ ನೆಂಟರಲ್ಲಿ ಯಾರಾದರೂ ಇದ್ದರೆ ತಿಳಿಸಿ. ನಾನು ವಾಪಸ್ ಹೊರಡುವ ಮೊದಲು ಹೋಗಿ ಮಾತಾಡಿ ಬರುತ್ತೇನೆ.