1,80,000 ಕಿ.ಮೀ. ಓಡಿದ ಕಾರು: ಮುಂದೆ ಕಟಕಟ ಸದ್ದು, ಎಲ್ಲ ಬದಲಾಯಿಸಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ನನ್ನದು ಪೆಟ್ರೋಲ್ ಹ್ಯಾಚ್‌ಬ್ಯಾಕ್, 1,80,000 ಕಿ.ಮೀ. ದಾಟಿದೆ. ಎಂಜಿನ್ ಬಗ್ಗೆ ತಕರಾರಿಲ್ಲ. ಆದರೆ ಸಣ್ಣ ಗುಂಡಿ ಸಿಕ್ಕರೂ ಮುಂದಿನಿಂದ ಕಟಕಟ ಅನ್ನುತ್ತದೆ. ಸ್ಟೀರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಅತ್ತಿತ್ತ ಎಳೆಯುತ್ತದೆ, ತಿದ್ದುತ್ತಲೇ ಇರಬೇಕು. ಎಡಗಡೆ ಮುಂದಿನ ಟೈರಿನ ಒಳಅಂಚು ನುಣ್ಣಗಾಗಿದೆ. ಹೋದ ತಿಂಗಳು ಅಲೈನ್‌ಮೆಂಟ್ ಮಾಡಿಸಿದೆ. ಎರಡು ವಾರ ಸರಿಯಿತ್ತು, ಮತ್ತೆ ಅದೇ ಕಥೆ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ ಬಂದು "ಇಷ್ಟು ಓಡಿದೆ, ಕೆಳಗಿನದೆಲ್ಲ ಹೊಸದು ಹಾಕಿಬಿಡಿ" ಅಂದರು. ಜಾಕ್ ಕೂಡ ಹಾಕಿ ನೋಡಲಿಲ್ಲ. ಎಲ್ಲ ಬದಲಾಯಿಸಲೇಬೇಕಾ?

ಉತ್ತರ (ಮೆಕ್ಯಾನಿಕ್): ಬೇಡ ಸರ್. ಕಿ.ಮೀ. ನೋಡಿ ಪಾರ್ಟ್ ತೆಗೆಯೋದು ವಯಸ್ಸು ನೋಡಿ ಹಲ್ಲು ಕಿತ್ತ ಹಾಗೆ. ಯಾವುದು ಅಲುಗಾಡುತ್ತಿದೆ ಅಂತ ಕೈಯಿಂದ ಮುಟ್ಟಿ ನೋಡಿದ ಮೇಲೆ ಮಾತಾಡಬೇಕು.

ಅಲೈನ್‌ಮೆಂಟ್ ಯಾಕೆ ನಿಲ್ಲಲಿಲ್ಲ ಅಂದರೆ, ಆ ಮೆಷಿನ್ ಗಾಡಿ ನಿಂತಾಗ ಚಕ್ರ ಯಾವ ಕೋನದಲ್ಲಿದೆ ಅಂತ ಮಾತ್ರ ಅಳೆಯುತ್ತದೆ. ಜಾಯಿಂಟ್ ಲೂಸ್ ಇದ್ದರೆ ರಸ್ತೆಗಿಳಿದ ತಕ್ಷಣ ಚಕ್ರ ಬೇರೆ ಕಡೆ ವಾಲುತ್ತದೆ. ಮೊದಲು ಪಾರ್ಟ್, ಆಮೇಲೆ ಅಲೈನ್‌ಮೆಂಟ್.

ಮನೆಯಲ್ಲೇ ನೋಡಬಹುದು. ಮೊದಲು ಗಾಡಿ ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಒಂದೊಂದಿಂಚು ಆಡಿಸಲಿ, ನೀವು ಟೈ ರಾಡ್ ಎಂಡ್ (ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ಹೊರತುದಿಯ ಜಾಯಿಂಟ್) ಮೇಲೆ ಬೆರಳಿಡಿ. ಸವೆದಿದ್ದರೆ 'ಟಕ್' ಅಂತ ಬೆರಳಿಗೇ ಹೊಡೆಯುತ್ತದೆ. ಕಣ್ಣಿಗಿಂತ ಬೆರಳು ವಾಸಿ.

ಆಮೇಲೆ ಜಾಕ್ ಹಾಕಿ ಚಕ್ರ ಎತ್ತಿ. ಕೆಳಗೆ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ, ಜಾಕ್ ನಂಬಬೇಡಿ. ಗಡಿಯಾರ ಅಂದುಕೊಂಡು ಚಕ್ರವನ್ನು 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಆಡಿದರೆ ಟೈ ರಾಡ್ ಎಂಡ್ ಅಥವಾ ಅದೇ ಸರಳಿನ ಒಳತುದಿಯ ರ‍್ಯಾಕ್ ಎಂಡ್. ರಬ್ಬರ್ ಬೂಟಿನ (ಹೊದಿಕೆಯ) ಮೇಲಿಂದ ಒತ್ತಿ ಹಿಡಿದರೆ ಒಳಗಿನದ್ದೂ ತಿಳಿಯುತ್ತದೆ. 12 ಮತ್ತು 6ರಲ್ಲಿ ಆಡಿದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಜೋಡಿಸುವ ಗುಂಡು ಕೀಲು) ಅಥವಾ ವೀಲ್ ಬೇರಿಂಗ್. ಯಾವುದು ಅಂತ ಗೊತ್ತಾಗಬೇಕಾ? ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತುಹೋದರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ.

ಬಾಲ್ ಜಾಯಿಂಟ್ ಆಡುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ. ಕಟಕಟ ಸದ್ದು ತಡೆದುಕೊಳ್ಳಬಹುದು, ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಸರ್, ಇವತ್ತು ತಮ್ಮನ ಜೊತೆ ಸೇರಿ ನೋಡಿದೆ. ಎಡಗಡೆ 9-3ರಲ್ಲಿ ಚೆನ್ನಾಗಿ ಆಡುತ್ತದೆ, ಬೆರಳಿಗೂ ಹೊಡೆಯಿತು. ಟೈ ರಾಡ್ ಎಂಡೇ. ಬಲಗಡೆ ಸ್ವಲ್ಪ ಮಾತ್ರ. 12-6ರಲ್ಲಿ ಎರಡೂ ಗಟ್ಟಿ. ಆದರೆ ಎಡಗಡೆ ಬಾಲ್ ಜಾಯಿಂಟ್ ರಬ್ಬರ್ ಹರಿದು ಗ್ರೀಸ್ ಹೊರಗೆ ಬಂದಿದೆ. ಅದೇ ಕಡೆ ಲೋಯರ್ ಆರ್ಮಿನ (ಆ ಕೆಳಗಿನ ತೋಳಿನ) ಹಿಂದಿನ ಬುಷ್, ಅಂದರೆ ಅದನ್ನು ಗಾಡಿಗೆ ಜೋಡಿಸುವ ಕಡೆಯ ರಬ್ಬರ್, ಸೀಳಿದೆ. ಎರಡೂ ಕಡೆ ಲಿಂಕ್ ರಾಡ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಅಡ್ಡ ಸರಳಿಗೆ ಸೇರುವ ಸಣ್ಣ ಕಡ್ಡಿ) ಕೈಯಿಂದಲೇ ಲೊಡಲೊಡ ಅನ್ನುತ್ತದೆ.

ಉತ್ತರ (ಮೆಕ್ಯಾನಿಕ್): ನೋಡಿ, 'ಎಲ್ಲ' ಅಂದದ್ದು ಈಗ ಎಷ್ಟು ಕಡಿಮೆಯಾಯಿತು! ಕಟಕಟಕ್ಕೆ ಲಿಂಕ್ ರಾಡ್ ಕಾರಣ ಇರಬೇಕು. ಸಣ್ಣ ಗುಂಡಿಯಲ್ಲಿ ಮೊದಲು ಕೂಗುವುದು ಅದೇ, ಬಿಚ್ಚಿ ಹಾಕುವುದೂ ಸುಲಭ. ಗಾಡಿ ಅತ್ತಿತ್ತ ಹೋಗುವುದಕ್ಕೆ ಟೈ ರಾಡ್ ಎಂಡ್ ಮತ್ತು ಆ ಬುಷ್ ಎರಡೂ ಕಾರಣ. ಟೈರ್ ತಿಂದದ್ದೂ ಅವೇ.

ಬೂಟ್ ಹರಿದ ಬಾಲ್ ಜಾಯಿಂಟ್ ಇವತ್ತು ಗಟ್ಟಿ ಇದ್ದರೂ ನೀರು, ಮಣ್ಣು ಒಳಗೆ ಹೋಗುತ್ತಿರುತ್ತದೆ. ಹೇಗೂ ಬುಷ್ ಹೋಗಿದೆ ಅಲ್ವಾ, ನಿಮ್ಮ ಗಾಡಿಯಲ್ಲಿ ಬಾಲ್ ಜಾಯಿಂಟ್ ಆರ್ಮಿನಲ್ಲೇ ಸೇರಿಕೊಂಡಿದ್ದರೆ ಪೂರ್ತಿ ಲೋಯರ್ ಆರ್ಮ್ ಹಾಕಿಬಿಡಿ. ಹಳೇ ಆರ್ಮಿಗೆ ಬುಷ್ ಪ್ರೆಸ್ ಮಾಡಿಸುವ ಕೆಲಸ ಎರಡು ಸಲ ಆಗುವುದು ಯಾಕೆ? ಟೈ ರಾಡ್ ಎಂಡ್ ಎರಡೂ ಕಡೆ ಬದಲಾಯಿಸಿ. ಬಲಗಡೆಯದ್ದೂ ಶುರುವಾಗಿದೆ, ಅಲೈನ್‌ಮೆಂಟ್ ಒಂದೇ ಸಲಕ್ಕೆ ಮುಗಿಯುತ್ತದೆ.

ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಗೆ ಬಂತು ಅಂತ ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಅಲೈನ್‌ಮೆಂಟ್‌ವರೆಗೆ ಗಾಡಿ ಓಡಿಸಿಕೊಂಡು ಹೋಗುವ ಸ್ಥಿತಿಯಲ್ಲಾದರೂ ಇರುತ್ತದೆ. ಜಾಯಿಂಟ್ ಅಂಟಿಕೊಂಡಿದ್ದರೆ ಥ್ರೆಡ್ ತುದಿಗೆ ಸುತ್ತಿಗೆಯಿಂದ ಬಡಿಯಬೇಡಿ. ಚಕ್ರವನ್ನು ಹಿಡಿದಿರುವ ಕಬ್ಬಿಣದ ಭಾಗದಲ್ಲಿ (ಸ್ಟೀರಿಂಗ್ ನಕಲ್) ಅದು ಕೂತಿರುವ ತೂತಿನ ಪಕ್ಕಕ್ಕೆ ಎರಡೇಟು ಗಟ್ಟಿಯಾಗಿ ಹಾಕಿದರೆ ಬಿಟ್ಟುಕೊಡುತ್ತದೆ. ಹಳೇ ಲಾಕ್ ನಟ್, ಕಾಟರ್ ಪಿನ್ (ನಟ್ ಕಳಚದಂತೆ ತಡೆಯುವ ಸೀಳು ಕಡ್ಡಿ) ಮತ್ತೆ ಬಳಸಬೇಡಿ.

ಇನ್ನೊಬ್ಬ ಸದಸ್ಯರು: ಸರ್, ನಾನೂ ಲೋಯರ್ ಆರ್ಮ್ ಪೂರ್ತಿ ಹೊಸದು ಹಾಕಿಸಿದ್ದೆ. ಆರೇ ತಿಂಗಳಿಗೆ ಬುಷ್ ಸೀಳಿತು. ಡೂಪ್ಲಿಕೇಟ್ ಪಾರ್ಟ್ ಕೊಟ್ಟರಾ?

ಉತ್ತರ (ಮೆಕ್ಯಾನಿಕ್): ಇರಬಹುದು. ಆದರೆ ನಾನು ನೋಡಿದ ಹಾಗೆ ಜಾಸ್ತಿ ಸಲ ತಪ್ಪು ಪಾರ್ಟಿನದ್ದಲ್ಲ, ಟೈಟ್ ಮಾಡಿದ ಕೈಯದ್ದು. ಈ ಬುಷ್‌ನಲ್ಲಿ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ತಿರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರಬೇಕು. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕ್ಷಣವೇ ರಬ್ಬರ್ ತಿರುಚಿಕೊಳ್ಳುತ್ತದೆ. ನಿಂತಲ್ಲೂ ಓಡುವಾಗಲೂ ಹಾಗೇ ಇರುತ್ತದೆ. ಹೊಸ ಬುಷ್ ಸೀಳದೆ ಇನ್ನೇನು ಮಾಡೀತು?

ಬೋಲ್ಟ್‌ಗಳನ್ನು ಕೈಯಲ್ಲಿ ಹಿಡಿಯುವಷ್ಟು ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಕೆಳಗೆ ಜಾಗ ಇಲ್ಲದಿದ್ದರೆ ಲೋಯರ್ ಆರ್ಮಿನ ಕೆಳಗೆ ಜಾಕ್ ಕೊಟ್ಟು ಗಾಡಿ ನಿಂತಾಗ ಇರುವ ಎತ್ತರಕ್ಕೆ ಏರಿಸಿ, ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ಎಷ್ಟು ಟಾರ್ಕ್ ಅನ್ನೋದು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ್ದೇ ಬೇಕು. ಅಂದಾಜು ಬೇಡ.

ಪ್ರಶ್ನೆ ಕೇಳಿದವರು: ಶಾಕ್ ಅಬ್ಸಾರ್ಬರ್? ಬಾನೆಟ್ ಒತ್ತಿ ಬಿಟ್ಟೆ, ಒಂದೇ ಸಲ ಎದ್ದು ನಿಂತಿತು.

ಉತ್ತರ (ಮೆಕ್ಯಾನಿಕ್): ಆ ಪರೀಕ್ಷೆಯಲ್ಲಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಹೋದದ್ದು ಪಾಸ್ ಆಗುತ್ತದೆ. ಎಣ್ಣೆ ಸುರಿದು ಒದ್ದೆಯಾಗಿದೆಯಾ, ಟೈರಿನ ಮೇಲೆ ಅಲ್ಲಲ್ಲಿ ತಟ್ಟೆಯಂತೆ ತಗ್ಗು ಬಿದ್ದಿದೆಯಾ ನೋಡಿ. ಇಲ್ಲದಿದ್ದರೆ ಈಗ ಸುಮ್ನೆ ಬಿಡಿ. ಮುಂದೆ ಹಾಕಿಸುವುದಾದರೆ ಎರಡೂ ಕಡೆ ಜೋಡಿಯಾಗಿ ಹಾಕಿಸಿ. ಸ್ಪ್ರಿಂಗ್ ಕಂಪ್ರೆಸ್ ಮಾಡಿ ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಜೋಡಣೆ) ಬಿಚ್ಚುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಜಾರಿದರೆ ಕೈ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಕೆಲಸ ಆಯಿತು ಸರ್. ಸದ್ದು ಹೋಗಿದೆ, ಗಾಡಿ ನೆಟ್ಟಗೆ ಹೋಗುತ್ತಿದೆ. ಅಲೈನ್‌ಮೆಂಟ್ ಕೂಡ ಆಯಿತು. ಆದರೆ ನೇರ ಹೋಗುವಾಗ ಸ್ಟೀರಿಂಗ್ ಬಲಕ್ಕೆ ಸ್ವಲ್ಪ ವಾಲಿದ ಹಾಗಿದೆ.

ಉತ್ತರ (ಮೆಕ್ಯಾನಿಕ್): ಸ್ಟೀರಿಂಗ್ ನೇರ ಮಾಡಿ ಲಾಕ್ ಹಾಕದೆ, ಒಂದೇ ಕಡೆಯ ಟೈ ರಾಡ್ ತಿರುಗಿಸಿ ಟೋ (ಮುಂದಿನ ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಕೋನ) ಸರಿ ಮಾಡಿದ್ದಾರೆ. ವಾಪಸ್ ಹೋಗಿ ಕೇಳಿ. ಸ್ಟೀರಿಂಗ್ ನೇರವಾಗಿ ಲಾಕ್ ಮಾಡಿ, ಎರಡೂ ಕಡೆ ಹಂಚಿ ತಿರುಗಿಸಿದರೆ ಸರಿಯಾಗುತ್ತದೆ. ಆ ಒಳಅಂಚು ತಿಂದ ಟೈರನ್ನು ಒಂದು ಸಲ ನೋಡಿಬಿಡಿ. ರಬ್ಬರ್ ಸವೆದು ಒಳಗಿನ ದಾರ ಕಾಣಿಸುತ್ತಿದ್ದರೆ ಹಿಂದಕ್ಕೆ ಹಾಕುವ ಯೋಚನೆಯೂ ಬೇಡ, ತೆಗೆದುಬಿಡಿ.